ಸೇಲಂಗೆ ಮಾತಾಡುವ ದರ

ನಮ್ಮ ಪೋಸ್ಟ್ ಮಾಸ್ಟರರಿಗೆ ಒಂದು ಅಭ್ಯಾಸವಿತ್ತು. ಟ್ರಂಕ್ ಕಾಲ್ ಬುಕ್ ಮಾಡಲು ಯಾರೇ ಬರಲಿ, ಊರು ಕೇಳುವ ಮೊದಲು, ಹೆಸರು ಕೇಳುವ ಮೊದಲು, ಕನ್ನಡಕವನ್ನು ಹಣೆಗೆ ಏರಿಸಿ, "ಸಾವೋ, ಸಂತೆಯೋ?" ಎಂದು ಕೇಳುತ್ತಿದ್ದರು. ಸಾವಾದರೆ ಅರ್ಜೆಂಟ್, ಎರಡರಷ್ಟು ದರ. ಸಂತೆ, ಎಂದರೆ ವ್ಯಾಪಾರದ ಮಾತಾದರೆ ಆರ್ಡಿನರಿ. ಇವೆರಡನ್ನು ಬಿಟ್ಟು ಮೂರನೆಯ ಕಾರಣಕ್ಕೆ ಮನುಷ್ಯನಿಗೆ ದೂರದೂರಿನವರೊಡನೆ ಮಾತಾಡುವ ಅಗತ್ಯ ಬೀಳುತ್ತದೆಂದು ಅವರು ನಂಬಿರಲಿಲ್ಲ. ಉತ್ತರ ಸಿಕ್ಕಿದ ಮೇಲೆ ಕನ್ನಡಕ ಮತ್ತೆ ಮೂಗಿಗೆ ಇಳಿಯುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲ. ಹೊಸೂರಿನ ನಮ್ಮ ಅಂಚೆ ಕಚೇರಿಯ ಗುಮಾಸ್ತರೊಬ್ಬರು ಸೈನ್ಯದ ಅಂಚೆಗೆ ಹೋಗಿಬಿಟ್ಟಿದ್ದರು. ಟೆಲಿಫೋನ್ ಬೋರ್ಡಿನ ಮುಂದೆ ಕೂರಲು ಇಂಗ್ಲಿಷ್ ಬಲ್ಲವರು ಬೇಕಾಗಿತ್ತು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅಪ್ಪ ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರು. ನನ್ನ ಇಂಗ್ಲಿಷ್ ಚೆನ್ನಾಗಿತ್ತು. ದನಿ ಇರಲಿಲ್ಲ. ಮನೆಗೆ ಬಂದ ನೆಂಟರಿಗೆ ಕಾಫಿ ಬೇಕೇ ಎಂದು ಬಾಗಿಲ ಹಿಂದಿನಿಂದ ಕೇಳುತ್ತಿದ್ದವಳು ನಾನು. ಮೊದಲ ದಿನವೇ ಸೇಲಂ ಎಕ್ಸ್‌ಚೇಂಜಿನವನು, "ಹೊಸೂರಾ? ಅಲ್ಲಿ ಮನುಷ್ಯರು ಕೂತಿದ್ದೀರಾ, ಸೊಳ್ಳೆ ಕೂತಿದೆಯಾ?" ಎಂದು ತಮಿಳಿನಲ್ಲಿ ಕೇಳಿದ.

ಇಂಥ ಜಾಗದಲ್ಲಿ ಕೂತವರಿಗೆ ನಗುವ ಪ್ರಸಂಗಗಳು ಬೇಡವೆಂದರೂ ಬರುತ್ತಲೇ ಇರುತ್ತವೆ. ಅಕ್ಕಿಗೆ ಬರವಿತ್ತು, ಸೀಮೆಎಣ್ಣೆಗೆ ಬರವಿತ್ತು, ನಗುವಿಗೆ ಮಾತ್ರ ಇರಲಿಲ್ಲ. ಅಳುಮುಖ ಹೊತ್ತು ಬಂದವರೇ ನಗಿಸಿ ಹೋಗುತ್ತಿದ್ದರು. ಹಾಗೆ ನಕ್ಕ ದಿನ ರಾತ್ರಿ ನನಗೆ ಊಟ ಸೇರುತ್ತಿರಲಿಲ್ಲ.

ಇನ್ನೂ ಆಗಿಲ್ಲ

ಬಾಗಲೂರಿನ ಕಡೆಯವರೊಬ್ಬರು ಒಂದು ಬೆಳಿಗ್ಗೆ ಬಂದರು. ಅವರ ಮಾವನವರು ಸೇಲಂನಲ್ಲಿ ಮಗನ ಮನೆಯಲ್ಲಿ ಮಲಗಿದ್ದರು. ಆ ಮನೆಯ ಎದುರಿನ ಬಟ್ಟೆ ಅಂಗಡಿಯಲ್ಲಿ ಫೋನಿತ್ತು.

"ಸಾವೋ, ಸಂತೆಯೋ?" ಎಂದರು ಪೋಸ್ಟ್ ಮಾಸ್ಟರು.

"ಇನ್ನೂ ಆಗಿಲ್ಲ ಸ್ವಾಮಿ."

"ಏನಾಗಿಲ್ಲ?"

"ಸಾವು."

ಕನ್ನಡಕ ಹಣೆಯ ಮೇಲೇ ನಿಂತಿತು. ಅಂಥ ಉತ್ತರ ಅವರಿಗೆ ಹಿಂದೆ ಬಂದಿರಲಿಲ್ಲ.

"ಆಗೋ ಹಾಗಿದೆಯಾ?"

"ಡಾಕ್ಟ್ರು ಕೈ ಬಿಟ್ಟವ್ರೆ. ನೀವೇ ಹೇಳಿ, ಇದು ಯಾವ ರೇಟಿಗೆ ಬತ್ತದೆ?"

ಪೋಸ್ಟ್ ಮಾಸ್ಟರು ಗೋಡೆಯ ಮೇಲಿನ ದರದ ಹಲಗೆಯನ್ನು ನೋಡಿದರು. ಅದರಲ್ಲಿ ಮೈಲಿಗಳಿದ್ದವು, ಆರ್ಡಿನರಿ ಇತ್ತು, ಅರ್ಜೆಂಟ್ ಇತ್ತು, ಸಾಯುತ್ತಿರುವವರಿಗೆಂದು ಒಂದು ಸಾಲು ಇರಲಿಲ್ಲ. ಕೊನೆಗೆ ಅವರೇ ತೀರ್ಪು ಕೊಟ್ಟರು. "ಆಗದೇ ಇರೋ ಸಾವಿಗೆ ಎರಡರಷ್ಟು ಯಾಕೆ ಕೊಡ್ತೀರಿ? ಆರ್ಡಿನರಿ ಹಾಕಿ."

ಹಾಕಿದೆ. ಸೈನ್ಯದವರ ಕಾಲ್‌ಗಳೆಲ್ಲ ಮೊದಲು ಹೋಗಬೇಕು, ಆಮೇಲೆ ಅರ್ಜೆಂಟುಗಳು, ಆಮೇಲೆ ನಮ್ಮ ಬಡ ಆರ್ಡಿನರಿ. ಬೆಳಿಗ್ಗೆ ಕೇಳಿದ ಲೈನು ಇಳಿಹೊತ್ತಿಗೆ ಸಿಕ್ಕಿತು. ಅವರು ಫೋನಿದ್ದ ಮರದ ಗೂಡಿನೊಳಗೆ ಹೋಗಿ ಮಾತಾಡಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಹೋಗ್ಬುಟ್ರಂತೆ. ಮಧ್ಯಾಹ್ನದ ಊಟದ ಹೊತ್ನಲ್ಲಿ."

ಪೋಸ್ಟ್ ಮಾಸ್ಟರರ ಮುಖ ಬಿಳಿಚಿಕೊಂಡಿತು. "ನಾನು ತಪ್ಪು ಮಾಡ್ದೆ. ಅರ್ಜೆಂಟ್ ಹಾಕಿದ್ದಿದ್ರೆ..."

"ಅಯ್ಯೋ ಬುಡಿ ಸ್ವಾಮಿ," ಎಂದು ಅವರೇ ಸಮಾಧಾನ ಹೇಳಿದರು. "ಅರ್ಜೆಂಟ್ ಮಾಡಿದ್ರೆ ಇನ್ನೂ ಅವ್ರೆ ಅಂದಿರೋರು. ಸಂಜೆಗೆ ಇನ್ನೊಂದು ಮಾಡ್ಬೇಕಾಗಿತ್ತು. ಆರ್ಡಿನರೀಲೇ ಎಲ್ಲಾ ಮುಗೀತಲ್ಲ."

ಕೆಮ್ಮು

ಅದೇ ದಿನ ಜಗಲಿಯ ಬೆಂಚಿನ ತುದಿಯಲ್ಲಿ ಇನ್ನೊಬ್ಬ ಕಾಯುತ್ತಿದ್ದ. ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿನಲ್ಲಿ ರಾಗಿ, ಬದನೆ ಬೆಳೆಯುವ ರೈತ. ತರಕಾರಿ ಗಾಡಿಯ ಮೇಲೆ ಕೂತು ಸಂತೆಗೆ ಬಂದು, ಸಂತೆ ಮುಗಿಸಿಕೊಂಡು ಇಲ್ಲಿಗೆ ಬಂದಿದ್ದ. ಪೋಸ್ಟ್ ಮಾಸ್ಟರು ಅವನನ್ನೂ ಕೇಳಿದರು. ಅವನು ತಬ್ಬಿಬ್ಬಾಗಿ, "ಎರಡೂ ಅಲ್ಲ ಬುದ್ಧಿ, ಹೆಂಡ್ರು," ಎಂದ.

ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ. ಸೇಲಂನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಸೇರಿಸಿ ಬಂದಿದ್ದ. ಕೊಯ್ದು ತೆಗೆಯುತ್ತೇವೆ, ಉಳಿದರೆ ಉಳಿದಳು ಎಂದು ಅಲ್ಲಿಯವರು ಹೇಳಿದ್ದರಂತೆ. ಜೊತೆಗೆ ನಿಲ್ಲೋಣವೆಂದರೆ ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು. ಆನೆ ಬಂದರೆ ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಅಟ್ಟಣೆಯ ಮೇಲೆ ಕೂತು ತಮಟೆ ಬಡಿಯಲು ಮನೆಯಲ್ಲಿ ಇನ್ನಾರೂ ಇಲ್ಲ. ಇಬ್ಬರೇ ಇದ್ದದ್ದು, ಗಂಡ ಹೆಂಡತಿ.

"ಕೊಯ್ದವ್ರೋ ಇಲ್ವೋ, ಅವ್ಳೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕವ್ವಾ," ಎಂದ ನನಗೆ. "ಬದುಕಿದ್ರೆ ಅವಳ ದನಿ ಒಂದ್ಸಲ ಕೇಳಿಸ್ಬುಡು."

ಆರ್ಡಿನರಿ ಹಾಕಿದೆವು. ಲೈನು ಸಿಕ್ಕಿತು. ಆಸ್ಪತ್ರೆಯಲ್ಲಿ ಒಂದೇ ಫೋನು, ಅದೂ ಆಫೀಸಿನ ಗುಮಾಸ್ತರ ಮೇಜಿನ ಮೇಲೆ. ಹೆಂಗಸರ ವಾರ್ಡು ಅಂಗಳದ ಇನ್ನೊಂದು ಕೊನೆಗೆ. ಗುಮಾಸ್ತರು ಒಳ್ಳೆಯವರು, "ಇರಿ, ನೋಡಿ ಬರುತ್ತೇನೆ," ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಆರ್ಡಿನರಿ ಕಾಲ್‌ನಲ್ಲಿ ಆ ಕಡೆ ರಿಸೀವರ್ ಎತ್ತಿದ ಕ್ಷಣದಿಂದ ಮೂರು ನಿಮಿಷ ಲೆಕ್ಕ. ರೈತ ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತ.

"ಏನು ಕೇಳಿಸ್ತಿದೆ?" ಎಂದರು ಪೋಸ್ಟ್ ಮಾಸ್ಟರು.

"ಯಾರೋ ಕೆಮ್ತಾವ್ರೆ."

"ನಿಮ್ಮೋಳಾ?"

"ಅಲ್ಲ ಬುದ್ಧಿ, ಗಂಡಸು."

ಗುಮಾಸ್ತರು ವಾರ್ಡು ಮುಟ್ಟುವ ಮೊದಲೇ ಮೂರು ನಿಮಿಷ ಆಗಿಹೋಯಿತು. ಹಿಂದೆ ಸಾಲಾಗಿ ಸೈನ್ಯದ ಕಾಲ್‌ಗಳು ಕಾಯುತ್ತಿದ್ದವು, ಸೇಲಂನವನು ಲೈನು ಕಿತ್ತುಬಿಟ್ಟ. ರೈತ ದುಡ್ಡು ಕೊಟ್ಟ. ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ನನ್ನ ಕಿಟಕಿಯೊಳಗೆ ಮುಖ ಹಾಕಿದ. ಜಗಳವಾಡುವ ದನಿಯಲ್ಲ, ತಿಳಿದುಕೊಳ್ಳುವ ದನಿ.

"ಅಲ್ಲವ್ವಾ, ಇಷ್ಟು ದುಡ್ಡು ಕೊಟ್ಟಿದ್ರೆ ನಮ್ಮೂರಲ್ಲೇ ಯಾರಾದ್ರೂ ಸಾಯಂಕಾಲದ ಗಂಟ ಕೆಮ್ತಿರ್ಲಿಲ್ವಾ?"

ಸೇಲಂಗೆ ಹತ್ತಿರವಾಗುವುದು

ನಮ್ಮ ಜಗಲಿಗೆ ಒಬ್ಬ ದರಪಂಡಿತರಿದ್ದರು, ಹುಣಸೆಹಣ್ಣಿನ ಮಂಡಿಯ ಸಾವ್ಕಾರರು. ದರದ ಹಲಗೆಯಲ್ಲಿದ್ದ ಇಂಗ್ಲಿಷನ್ನೆಲ್ಲ ನನ್ನಿಂದ ಕನ್ನಡಕ್ಕೆ ಹೇಳಿಸಿಕೊಂಡು, ಅದನ್ನು ಬಾಯಿಪಾಠ ಮಾಡಿ, ಬಂದವರಿಗೆಲ್ಲ ಬೋಧಿಸುತ್ತಿದ್ದರು. ಅವರ ಹೊಟ್ಟೆಯುರಿ ಒಂದೇ. ಬೆಂಗಳೂರು ಮೈಸೂರು ಮಹಾರಾಜರ ಸೀಮೆ, ಪರರಾಜ್ಯ. ಅಲ್ಲಿಗೆ ಮಾತಾಡಲು ಕಡಿಮೆ. ಸೇಲಂ ನಮ್ಮದೇ ಜಿಲ್ಲೆಯ ಮುಖ್ಯ ಊರು. ಕೋರ್ಟು, ಕಲೆಕ್ಟರು, ದೊಡ್ಡಾಸ್ಪತ್ರೆ ಎಲ್ಲ ಅಲ್ಲಿ. ಅಲ್ಲಿಗೆ ಮಾತಾಡಲು ಜಾಸ್ತಿ.

"ನಮ್ಮ ಮನೆ ಅಡುಗೆಕೋಣೆಗೆ ಹೋಗೋಕೆ ಸುಂಕ, ಪಕ್ಕದ ಮನೆ ಜಗಲಿಗೆ ಬಿಟ್ಟಿ. ಇದ್ಯಾವ ನ್ಯಾಯ?" ಎನ್ನುತ್ತಿದ್ದರು.

"ದರ ರಾಜ್ಯ ನೋಡಿ ಅಲ್ಲ, ದೂರ ನೋಡಿ," ಎಂದೆ ನಾನು ಒಂದು ದಿನ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಕೇಳಿಸಿತು, ಮತ್ತು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

"ಓಹೋ! ದೂರ ಕಮ್ಮಿಯಾದ್ರೆ ರೇಟೂ ಕಮ್ಮಿ. ಹಾಗಾದ್ರೆ ಕೃಷ್ಣಗಿರಿಯಿಂದ ಮಾತಾಡಿದ್ರೆ?"

ಮರುದಿನವೇ ಬಸ್ಸು ಹತ್ತಿದರು. ಸೇಲಂ ಮಂಡಿಯವರಿಗೆ ಒಂದೇ ಮಾತು ಹೇಳಬೇಕಾಗಿತ್ತು, ಸರಕು ಕಳಿಸಬೇಡಿ ಎಂದು. ಆಗ ಪೆಟ್ರೋಲು ಎಲ್ಲಿತ್ತು? ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಶೂಳಗಿರಿಯ ಏರಿನಲ್ಲಿ ಎಲ್ಲರೂ ಇಳಿದು ನೂಕಿದರಂತೆ, ಸಾವ್ಕಾರರೂ ಪಂಚೆ ಎತ್ತಿಕಟ್ಟಿ ನೂಕಿದರಂತೆ. ಕೃಷ್ಣಗಿರಿಯಲ್ಲಿ ಲೈನಿಗೆ ದೊಡ್ಡ ಸಾಲು. ಸಾಲಿನಲ್ಲಿ ನಿಂತಾಗ ಅವರಿಗೆ ಹೊಳೆಯಿತು, ಧರ್ಮಪುರಿ ಇನ್ನೂ ಹತ್ತಿರವಲ್ಲವೇ? ಧರ್ಮಪುರಿಗೆ ಹೋದರೆ ಅಲ್ಲಿ ತಂತಿ ಕೆಟ್ಟಿತ್ತು. ಎದುರಿಗೆ ನಿಂತಿದ್ದ ಬಸ್ಸು ಸೇಲಂಗೆ ಹೊರಟಿತ್ತು.

ಹೀಗೆ ಹತ್ತಿರವಾಗುತ್ತಾ ಹತ್ತಿರವಾಗುತ್ತಾ ಸಾವ್ಕಾರರು ಸೇಲಂನ ಮಂಡಿಯವರ ಎದುರಿಗೇ ಹೋಗಿ ನಿಂತು, ಸರಕು ಕಳಿಸಬೇಡಿ ಎಂದರು. ಆಗಲೇ ಕಳಿಸಿ ಆಗಿತ್ತು.

ಇತ್ತ ಅವರ ಮನೆಯಲ್ಲಿ ಗೋಳು. ಹೇಳದೆ ಹೋದ ಯಜಮಾನರು ರಾತ್ರಿ ಬರಲಿಲ್ಲ. ಹಿಂದಿನ ತಿಂಗಳು ಅದೇ ಬೀದಿಯಲ್ಲಿ ಸಾಲಗಾರರೊಬ್ಬರು ಬಾವಿಗೆ ಬಿದ್ದಿದ್ದರು, ಎಲ್ಲರಿಗೂ ಅದೇ ಯೋಚನೆ. ಬೆಳಗಾಗುತ್ತಲೇ ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿ ತಡಕತೊಡಗಿದ್ದರು. ಆ ಹೊತ್ತಿಗೆ ಸೇಲಂನಿಂದ ನನಗೆ ಲೈನು ಬಂತು.

"ಅಮ್ಮಾ, ನಾನು ಸಾವ್ಕಾರ. ಇವತ್ತೂ ಬಸ್ಸಿಲ್ಲ ಅಂತ ಮನೆಗೆ ಹೇಳಿಕಳಿಸಿ. ಅಂದ ಹಾಗೆ ಗೊತ್ತಾ ನಿಮಗೆ? ಇಲ್ಲಿಂದ ಹೊಸೂರಿಗೂ ಅಷ್ಟೇ ರೇಟಂತೆ! ಹೋಗೋ ದಾರಿಗೂ ಬರೋ ದಾರಿಗೂ ಒಂದೇ ಬೆಲೆ ಕಟ್ಟವ್ರೆ!"

ಪೋಸ್ಟ್ ಮಾಸ್ಟರು ಸ್ವತಃ ಓಡಿಹೋಗಿ ಸುದ್ದಿ ಮುಟ್ಟಿಸಿ ಬಂದರು. ಬಾವಿಯಲ್ಲಿ ಸಾವ್ಕಾರರು ಸಿಕ್ಕಿರಲಿಲ್ಲ. ಎಂದೋ ಮುಳುಗಿಹೋಗಿದ್ದ ಹಿತ್ತಾಳೆ ಬಿಂದಿಗೆ ಸಿಕ್ಕಿತ್ತು. ಸಾವ್ಕಾರ್ತಿ ಅದನ್ನು ಅಪ್ಪಿಕೊಂಡು ಅಳುತ್ತಿದ್ದರಂತೆ. ಗಂಡ ಬದುಕಿದ್ದಾರೆ ಎಂದಾಗ ಕಣ್ಣೊರೆಸಿಕೊಂಡು, "ಹಾಗಾದ್ರೆ ಸರಿ, ಗರಡಿ ಇನ್ನೊಂದ್ಸಲ ಇಳಿಸ್ರೋ, ಇದರ ಜೊತೆಗೊಂದು ಕೊಳಗ ಬಿದ್ದಿತ್ತು," ಎಂದರಂತೆ.

ಸಿಹಿ ಸುದ್ದಿ

ಮುಂದಿನ ಸಂತೆಯ ದಿನ ಸಾವ್ಕಾರರು ಜಗಲಿಯಲ್ಲಿ ತಮ್ಮ ಪ್ರಯಾಣದ ಕಥೆ ಹೇಳುತ್ತಿದ್ದಾಗ ಬೆಂಚಿನ ತುದಿಯಿಂದ ಡೆಂಕಣಿಕೋಟೆಯ ರೈತ ಎದ್ದು ಬಂದ.

"ಸೇಲಂಗೇ ಹೋಗಿದ್ರಾ ಸಾವ್ಕಾರ್ರೇ? ಆಸ್ಪತ್ರೆಗೆ ಹೋಗಿ ನಮ್ಮೋಳನ್ನ ನೋಡಿದ್ರಾ?"

ಸಾವ್ಕಾರರು ಕಥೆ ನಿಲ್ಲಿಸಿದರು. "ಅಯ್ಯೋ, ಗ್ಯಾನವೇ ಬರಲಿಲ್ಲ ಕಣಯ್ಯಾ. ಆಸ್ಪತ್ರೆ ಮುಂದೇನೇ ನಡ್ಕೊಂಡು ಹೋದೆ. ರೇಟಿನ ಯೋಚನೇಲಿದ್ದೆ."

ರೈತ ಹೋಗಿ ಮತ್ತೆ ಬೆಂಚಿನ ತುದಿಯಲ್ಲಿ ಕೂತ. ಸಾವ್ಕಾರರಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ತಗುಲಿತೆಂದು ಕಾಣುತ್ತದೆ. ಆ ದಿನ ಅವರು ದರದ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಅವರಿಗೆ ಕೆಳಗಿನ ಸಾಲು ಹೊಳೆಯಿತು. ಪಿ.ಪಿ. ಕಾಲ್. ಇಂಥವರೇ ಬರಬೇಕೆಂದು ಹೆಸರು ಹೇಳಿ ಬುಕ್ ಮಾಡುವ ಕಾಲ್. ಆ ವ್ಯಕ್ತಿ ಬಂದರೆ ಪೂರ್ತಿ ದರ, ಅದರ ಮೇಲೊಂದಿಷ್ಟು. ಬರದಿದ್ದರೆ ಹುಡುಕಿದ್ದಕ್ಕೆಂದು ಸಣ್ಣದೊಂದು ಚಾರ್ಜು, ಅಷ್ಟೇ.

"ನೋಡಯ್ಯಾ," ಎಂದರು ರೈತನ ಹೆಗಲ ಮೇಲೆ ಕೈಯಿಟ್ಟು. "ನಿನ್ನ ಹೆಂಡ್ತಿ ಎದ್ದು ಬರೋ ಸ್ಥಿತೀಲಿಲ್ಲ. ಕರೀತಾರೆ, ಬರೋಕಾಗಲ್ಲ ಅಂತಾರೆ. ಬರೋಕಾಗಲ್ಲ ಅಂದ್ರೆ ಅವ್ಳೆ ಅಂತಾಯ್ತಲ್ಲ? ಇಷ್ಟು ಸೋವಿಯಾಗಿ ಹೆಂಡ್ತಿ ಬದುಕಿರೋದು ಇನ್ನೆಲ್ಲಿ ತಿಳೀತದೆ?"

"ಇದು ಸರ್ಕಾರಕ್ಕೆ ಮೋಸ," ಎಂದರು ಪೋಸ್ಟ್ ಮಾಸ್ಟರು.

"ಹೆಂಡ್ರು ಬದುಕಿರೋದು ತಿಳ್ಕೊಂಡ್ರೆ ಸರ್ಕಾರಕ್ಕೇನು ಮೋಸ ಬುದ್ಧಿ?" ಎಂದ ರೈತ. ಪೋಸ್ಟ್ ಮಾಸ್ಟರು ಕನ್ನಡಕ ಒರೆಸಿಕೊಳ್ಳಲು ಶುರು ಮಾಡಿದರು.

ಆದರೆ ಹೆಸರು ಹೇಳಬೇಕಲ್ಲ. ಮದುವೆಯಾದಾಗಿನಿಂದ ಅವನು ಅವಳನ್ನು 'ಇವ್ಳೇ' ಎಂದು ಕರೆದವನೇ ಹೊರತು ಹೆಸರು ಹಿಡಿದವನಲ್ಲ. ನನ್ನ ಕಿಟಕಿಗೆ ಬಾಯಿಯಿಟ್ಟು, ಕಳ್ಳಮಾಲು ದಾಟಿಸುವಂತೆ, ಪಿಸುಗುಟ್ಟಿದ. ನಾನು ಪಿಸುಗುಟ್ಟಿದ್ದು ಸೇಲಂಗೆ ಕೇಳಿಸಲಿಲ್ಲ. ಕೊನೆಗೆ ಪೋಸ್ಟ್ ಮಾಸ್ಟರು ಬಾಗಿ ಆ ಹೆಸರನ್ನು ಗಟ್ಟಿಯಾಗಿ ಕೂಗಿದರು. ಜಗಲಿಯೆಲ್ಲ ತಿರುಗಿ ನೋಡಿತು. ರೈತ ತಲೆ ತಗ್ಗಿಸಿ, ಹೊಸ ಮದುವಣಿಗನ ಹಾಗೆ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ.

ಆಸ್ಪತ್ರೆಯ ಗುಮಾಸ್ತರು ಹೋಗಿ ಬಂದು ತಮಿಳಿನಲ್ಲಿ ಹೇಳಿದರು, "ವರ ಮುಡಿಯಾದು." ಬರಲಾಗುವುದಿಲ್ಲ. ನಾನು ಹಾಗೆಯೇ ಹೇಳಿದೆ.

"ವರ ಮುಡಿಯಾದಾ?" ಎಂದ ಅವನು. "ಅಂಗಾದ್ರೆ ಅವ್ಳೆ!"

ಅಂದಿನಿಂದ ಪ್ರತಿ ಸಂತೆಯ ದಿನವೂ ಇದೇ. ಅವನು ಬರುವುದು, ನಾನು ಕೇಳುವುದು, ಸೇಲಂನವರು ವರ ಮುಡಿಯಾದು ಎನ್ನುವುದು, ಅವನು ಜಗಲಿಯಲ್ಲಿದ್ದವರಿಗೆಲ್ಲ ಬೆಲ್ಲದ ಚೂರು ಹಂಚುವುದು. ಒಮ್ಮೆ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಬೆಲ್ಲ ಬಾಯಿಗೆ ಹಾಕಿಕೊಂಡು ಯಾತಕ್ಕೆಂದು ಕೇಳಿದಳು. ಹೆಂಡತಿಗೆ ಏಳೋಕಾಗ್ತಿಲ್ಲ, ಅದಕ್ಕೆ ಎಂದರು ಪಕ್ಕದವರು. ಅವಳು ಬೆಲ್ಲವನ್ನು ಉಗಿದು, "ಥೂ, ನಿನ್ನ ಮನೆ ಹಾಳಾಗ," ಎಂದು ಎದ್ದು ಹೋದಳು.

ಒಂದು ಸಂತೆಯ ದಿನ ಮಾತ್ರ ಗುಮಾಸ್ತರು ಬೇರೆ ಮಾತು ಹೇಳಿದರು. ಆ ಹೆಸರಿನವರು ಆ ಮಂಚದಲ್ಲಿ ಇಲ್ಲ.

ನಾನು ಅದನ್ನು ಹೇಳಬೇಕಾಗಿತ್ತು. ಕಿಟಕಿಯ ಆಚೆ ಅವನು ಬೆಲ್ಲದ ಪೊಟ್ಟಣವನ್ನು ಬಿಚ್ಚುತ್ತಿದ್ದ. ನನ್ನ ಮುಖ ನೋಡಿ ಕೈ ನಿಂತಿತು. "ಏನಂತೆ?" ಎಂದ. ನನಗೆ ದನಿ ಬರಲಿಲ್ಲ. ಪೋಸ್ಟ್ ಮಾಸ್ಟರು ಎದ್ದು ನಿಂತರು. ಸಾವ್ಕಾರರು ತಲೆಯ ಮೇಲಿನ ಟೋಪಿ ತೆಗೆದರು. ಅಷ್ಟರಲ್ಲಿ ಸೇಲಂನ ದನಿ ಮತ್ತೆ ಬಂತು. ಕೊಯ್ದು ಆಗಿದೆಯಂತೆ, ಅವಳನ್ನು ಹಿಂದಿನ ವಾರ್ಡಿಗೆ ಸಾಗಿಸಿದ್ದಾರಂತೆ, ಈಗಲೂ ವರ ಮುಡಿಯಾದಂತೆ.

ಅವನು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಯಾರೋ ನೀರು ಕೊಟ್ಟರು. ಕುಡಿದು, ಬಾಯೊರೆಸಿಕೊಂಡು, ಮೇಲೆ ನೋಡಿ ಕೇಳಿದ ಮೊದಲ ಮಾತು:

"ಹಿಂದಿನ ವಾರ್ಡು ಇನ್ನೂ ದೂರ ಅಲ್ವೇನವ್ವಾ, ರೇಟು ಜಾಸ್ತಿ ಆಯ್ತದಾ?"

ಬಂದಳು

ಈಗ ಹೇಳುವುದು ಕೊನೆಯದು. ಇದನ್ನು ಯಾರಿಗೆ ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂದು ಜಗಲಿಯಲ್ಲಿದ್ದವರೂ ನಕ್ಕರು.

ರಾಗಿ ಕೊಯ್ಲು ಹತ್ತಿರ ಬಂದಿತ್ತು. ಪೋಸ್ಟ್ ಮಾಸ್ಟರು ಖಜಾನೆಗೆ ಹೋಗಿದ್ದರು, ಕಚೇರಿಯಲ್ಲಿ ನಾನೊಬ್ಬಳೇ. ರೈತ ಎಂದಿನಂತೆ ಬಂದ, ನಾನು ಎಂದಿನಂತೆ ಸೇಲಂ ಕೇಳಿದೆ. ಹೆಸರನ್ನು ಈಗ ನಾನೇ ಗಟ್ಟಿಯಾಗಿ ಹೇಳಬಲ್ಲವಳಾಗಿದ್ದೆ. ಗುಮಾಸ್ತರು ಹೋದರು. ಬಹಳ ಹೊತ್ತು ಬರಲಿಲ್ಲ. ಬಂದು ಹೇಳಿದರು, "ಬಂದಿದ್ದಾರೆ. ಮಾತಾಡಿ."

"ಬಂದಿದ್ದಾರಂತೆ," ಎಂದೆ.

"ಯಾರು?"

"ನಿಮ್ಮ ಮನೆಯವರು. ಎದ್ದು ಬಂದಿದ್ದಾರೆ."

ಅವನ ಮುಖ ಅರಳಿತು, ಮರುಕ್ಷಣವೇ ಕೈ ಸೊಂಟದ ಗಂಟಿಗೆ ಹೋಯಿತು. ಬಾರದಿದ್ದರೆ ಕೊಡುವ ಚಾರ್ಜಿಗೆ ಎಷ್ಟು ಬೇಕೋ ಅಷ್ಟನ್ನೇ ಅವನು ತಂದಿದ್ದ.

"ಬರಲ್ಲ ಅಂದ್ಕೊಂಡು ಇಷ್ಟೇ ತಂದಿವ್ನಿ ಕಣವ್ವಾ," ಎಂದ, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ.

"ಮೊದಲು ಮಾತಾಡಿ, ಆಮೇಲೆ ನೋಡೋಣ," ಎಂದೆ. ಕೇಳಿಸಿತೋ ಇಲ್ಲವೋ. ಅವನು ಯೋಚಿಸುತ್ತಾ ನಿಂತಿದ್ದ. ಇದ್ದಕ್ಕಿದ್ದಂತೆ ಅವನಿಗೊಂದು ಉಪಾಯ ಹೊಳೆದದ್ದು ಕಣ್ಣಲ್ಲೇ ಕಂಡಿತು. ಪಿ.ಪಿ. ಕಾಲ್ ಎಂದರೆ ಆಳು ಬಂದು ಮಾತು ಶುರುವಾದ ಮೇಲೆ ಚಾರ್ಜು ಎಂದು ಸಾವ್ಕಾರರು ಅವನಿಗೆ ವಿವರಿಸಿದ್ದರು. ಹಾಗಾದರೆ ಮಾತು ಶುರುವಾಗದಿದ್ದರೆ? ಅವನು ತನ್ನ ತುಟಿಗಳನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ತೋರಿಸಿದ. ನಾನು ಮಾತಾಡಲ್ಲ, ಅವಳು ಮಾತಾಡಲಿ, ಕೇಳೋದಕ್ಕೆ ದುಡ್ಡಿಲ್ಲವಲ್ಲ. ಸರ್ಕಾರವನ್ನು ಗೆದ್ದವನ ನಗೆ ನಗುತ್ತಾ ಗೂಡಿನೊಳಗೆ ಹೋಗಿ ರಿಸೀವರ್ ಎತ್ತಿಕೊಂಡ. ಬಾಗಿಲು ತೆರೆದೇ ಇತ್ತು. ಲೈನು ಸರಿಯಾಗಿದೆಯೇ ಎಂದು ನೋಡಲು ನಾನೂ ಹೆಡ್‌ಫೋನ್ ಕಿವಿಗೆ ಹಾಕಿಕೊಂಡೇ ಇರಬೇಕಾಗಿತ್ತು.

"ಇಗಾ... ಇದ್ದೀಯಾ?" ಎಂದಳು ಅವಳು.

ಉಸಿರು ಕೇಳಿಸುತ್ತಿತ್ತು, ಏದುಸಿರು.

"ಗೋಡೆ ಹಿಡ್ಕೊಂಡು ಬಂದೆ. ಎರಡು ಕಡೆ ಕೂತು ಕೂತು ಬಂದೆ. ಇದ್ದೀಯಾ?"

ಅವನು ಜೋರಾಗಿ ತಲೆಯಾಡಿಸಿದ.

"ರಾಗಿ ಹೆಂಗೈತೆ? ಆನೆ ಬಂದಿದ್ವಾ?"

ಇಲ್ಲವೆಂದು ತಲೆಯಲ್ಲಾಡಿಸಿದ. ಆಮೇಲೆ, ಬಂದದ್ದು ನಿಜ, ಒಂದು ಮೂಲೆಯಲ್ಲಿ ಒಂದಿಷ್ಟು ಮಾತ್ರ ತಿಂದು ಹೋದವೆಂದು ಕೈಯಲ್ಲಿ ತೋರಿಸಿದ. ಜಗಲಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗಂಡಸೊಬ್ಬ ಮರದ ಗೂಡಿನಲ್ಲಿ ನಿಂತು ಗೋಡೆಗೆ ಕೈಸನ್ನೆ ಮಾಡುತ್ತಿದ್ದಾನೆ. ನಗು ಶುರುವಾಯಿತು.

"ಚಾರ್ಜು ಆಗಲೇ ಶುರುವಾಗಿದೆ, ಮಾತಾಡಿದರೂ ಅಷ್ಟೇ, ಮಾತಾಡದಿದ್ದರೂ ಅಷ್ಟೇ," ಎಂದೆ ಅವನಿಗೆ. ಅವನು ನನ್ನನ್ನು ನೋಡಿದ ನೋಟ ನನಗೆ ಅರ್ಥವಾಯಿತು. ಎಷ್ಟಾದರೂ ನೀನು ಸರ್ಕಾರದ ಕಡೆಯವಳು ಎಂಬ ನೋಟ.

"ಯಾಕೆ ಸುಮ್ಕಿದ್ದೀಯಾ?" ಎಂದಳು. "ಇಲ್ಲಿ ನನ್ನ ಆ ಕಡೆ ಮಂಚದೋಳು ಹೋದ್ಲು. ಈ ಕಡೆಯೋಳು ನೆನ್ನೆ ಹೋದ್ಲು. ನಡುವೆ ನಾನೊಬ್ಳೇ ಉಳ್ಕೊಂಡಿವ್ನಿ. ಯಮ ಕಣ್ತಪ್ಪಿ ದಾಟ್ಕೊಂಡ್ ಹೋಗವ್ನೆ, ತಿರುಗಿ ಬಂದೇ ಬತ್ತಾನೆ. ಇಲ್ಲಿ ಬ್ಯಾಡ. ನನ್ನ ಕರ್ಕೊಂಡೋಗು."

ಅವನ ಬಾಯಿ ತೆರೆಯಿತು. ಕೂಡಲೇ ಹೆಗಲ ಮೇಲಿದ್ದ ಟವೆಲಿನ ತುದಿಯನ್ನು ತುರುಕಿಕೊಂಡ. ಹೊರಗಿನವರು ಬಿದ್ದು ಬಿದ್ದು ನಕ್ಕರು. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಆದರೂ ಬಾಯಿಂದ ಟವೆಲು ತೆಗೆಯಲಿಲ್ಲ. ತಂದಿದ್ದ ಚಿಲ್ಲರೆಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಬೇರೆಯವರ ಮಾತಿನ ನಡುವೆ ಬಾಯಿ ಹಾಕಬಾರದೆಂಬುದು ನಮ್ಮ ಕೆಲಸದ ಮೊದಲ ನಿಯಮ. ನನ್ನಲ್ಲಿದ್ದ ಎಲ್ಲ ದನಿಯನ್ನೂ ಕೂಡಿಸಿ, "ಅಮ್ಮಾ, ಅವರು ಇಲ್ಲೇ ಇದ್ದಾರೆ," ಎಂದೆ.

ಆ ಕಡೆ ಏದುಸಿರೂ ನಿಂತಿತು.

"ಯಾರವ್ವಾ ನೀನು?"

"ನಾನು... ಆಪರೇಟರ್."

"ಅದ್ಯಾವ ಊರು?"

ನಾನು ತಡವರಿಸಿದೆ.

"ಅವ್ನು ನಿನ್ನ ಪಕ್ಕದಲ್ಲೇ ಅವ್ನಾ?"

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. "ಪಕ್ಕದಲ್ಲೇ ಇದ್ದಾರೆ," ಎಂದೆ.

"ಪಕ್ಕದಲ್ಲಿದ್ದೂ ಮಾತಾಡ್ತಿಲ್ವಾ?"

ರೈತನಿಗೆ ಅದು ಕೇಳಿಸಿತು. ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ. ಬಾಯಲ್ಲಿ ಟವೆಲು ತುಂಬಿಕೊಂಡೇ ಅವನು ನನ್ನ ಕಡೆಗೆ ಎರಡೂ ಕೈ ಬೀಸಿದ, ಹಾಗಲ್ಲ ಎಂದು ಹೇಳು, ಹಾಗಲ್ಲ ಎಂದು ಹೇಳು. ಚಿಲ್ಲರೆ ನೆಲದ ಮೇಲೆಲ್ಲ ಚೆಲ್ಲಿತು. ಹೊರಗಿನವರು ನಕ್ಕು ನಕ್ಕು ಕಂಬ ಹಿಡಿದುಕೊಂಡರು. ನಾನೂ ನಕ್ಕಿರಬೇಕು. ಹೇಳಲು ಬಾಯಿ ತೆರೆದೆ, ದನಿ ಬರಲಿಲ್ಲ. ಇದ್ದದ್ದೆಲ್ಲ ಆ ಒಂದು ಮಾತಿಗೇ ಖರ್ಚಾಗಿಹೋಗಿತ್ತು.

"ಟೈಮ್ ಆಯ್ತು ಹೊಸೂರು," ಎಂದ ಸೇಲಂ ಎಕ್ಸ್‌ಚೇಂಜಿನವನು.

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ ಮೆಲ್ಲಗೆ ಮಾತಾಡಿದಳು.

"ಅವ್ಳನ್ನ ಕಟ್ಕೊಂಡಿದ್ರೆ ಕಟ್ಕೊಂಡಿರು. ನಾನೇನೂ ಅನ್ನಲ್ಲ. ಅವ್ಳು ಮನೇಲಿರ್ಲಿ. ನಾನು ಅಟ್ಟಣೆ ಮ್ಯಾಲೆ ಇದ್ಕೊಂಡು ಆನೆ ಕಾಯ್ತೀನಿ. ಬಂದು ಕರ್ಕೊಂಡೋಗು. ಹೂಂ ಅನ್ನು. ಒಂದ್ಸಲ ಹೂಂ ಅನ್ನು."